ಕಾನೂನಿನ ಬಾಗಿಲಿಂದ ಬಂದ ಸರ್ವಾಧಿಕಾರ

ಹಿಟ್ಲರ್ ಬಂದೂಕು ಹಿಡಿದು ಅಧಿಕಾರ ಕಿತ್ತುಕೊಂಡ ಎಂಬ ನಂಬಿಕೆ ಈಗಲೂ ಬಲವಾಗಿದೆ. 1923ರಲ್ಲಿ ಮ್ಯೂನಿಕ್ ನಗರದಲ್ಲಿ ಅವನು ಅಂಥದ್ದೊಂದು ಪ್ರಯತ್ನ ಮಾಡಿದ್ದುಂಟು. ಅದು ಮುಗ್ಗರಿಸಿತು, ಅವನು ಜೈಲು ಸೇರಿದ. ಹತ್ತು ವರ್ಷದ ಬಳಿಕ, 1933ರ ಜನವರಿ 30ರಂದು, ಜರ್ಮನಿಯ ವೃದ್ಧ ಅಧ್ಯಕ್ಷ ಹಿಂಡೆನ್‌ಬರ್ಗ್ ತಾನೇ ಕರೆದು ಅವನನ್ನು ಚಾನ್ಸಲರ್ ಹುದ್ದೆಯಲ್ಲಿ ಕೂಡಿಸಿದ. ಇಟಲಿಯಲ್ಲೂ ಆದದ್ದು ಇದೇ. 1922ರ ಅಕ್ಟೋಬರ್ ಕೊನೆಯಲ್ಲಿ ಕರಿಯಂಗಿ ತೊಟ್ಟ ಫ್ಯಾಸಿಸ್ಟರು ರೋಮಿನತ್ತ ಹೊರಟಾಗ ಅವರ ನಾಯಕ ಮುಸೋಲಿನಿ ದೂರದ ಮಿಲಾನಿನಲ್ಲಿದ್ದ. ದೊರೆ ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್ ಮನಸ್ಸು ಮಾಡಿದ್ದರೆ ಸೈನ್ಯ ಆ ಗುಂಪನ್ನು ಚದುರಿಸಬಹುದಿತ್ತು. ಅವನು ಸೈನ್ಯ ಬಿಡಲಿಲ್ಲ, ಪ್ರಧಾನಿಯಾಗು ಬಾ ಎಂದು ಮುಸೋಲಿನಿಗೇ ಹೇಳಿ ಕಳಿಸಿದ. ಮುಸೋಲಿನಿ ರಾತ್ರಿ ರೈಲಿನಲ್ಲಿ ಮಲಗಿಕೊಂಡೇ ರೋಮಿಗೆ ಬಂದಿಳಿದ.

ಸರ್ವಾಧಿಕಾರವನ್ನು ಹಳೆಯ ಅರಸೊತ್ತಿಗೆಯ ಇನ್ನೊಂದು ರೂಪವೆಂದು ತಿಳಿಯುವುದೂ ಉಂಟು. ಇದನ್ನು ಬಿಡಿಸಿ ನೋಡಲು ಬೆಳಗಾವಿ ಜಿಲ್ಲೆಯ ಪೂರ್ವ ಭಾಗಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1930ರ ದಶಕದಲ್ಲಿ ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾವಿ ತಾಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲೂಕಿನಲ್ಲಿತ್ತು. ಎರಡೂ ಮುಂಬಯಿ ಇಲಾಖೆಯ ತಾಲೂಕುಗಳು, ಬ್ರಿಟಿಷರ ನೇರ ಆಡಳಿತದವು. ಮಲಪ್ರಭೆಯ ದಂಡೆಗುಂಟ ಇನ್ನಷ್ಟು ಮುಂದೆ ಹೋದರೆ ರಾಮದುರ್ಗ ಸಂಸ್ಥಾನ. ಸುಮಾರು 170 ಚದರ ಮೈಲಿ ನೆಲ, ಭಾವೆ ಮನೆತನದ ರಾಜ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಗಲ್ಲಿಗೇರಿದ ನರಗುಂದದ ಬಾಬಾಸಾಹೇಬನೂ ಈ ಮನೆತನದವನೇ. ರಾಮದುರ್ಗದ ರಾಜನ ಅಧಿಕಾರಕ್ಕೆ ಸಂಸ್ಥಾನದ ಒಳಗೆ ಲಗಾಮಿರಲಿಲ್ಲ. ಫಾಳಾ ಎಂಬ ಭೂಕಂದಾಯ ಅವನದು, ಪೊಲೀಸ್ ಅವನದು, ಸೆರೆಮನೆಯೂ ಅವನದೇ. ಆದರೆ ಫಾಳಾ ಕಟ್ಟಿ ತೆಪ್ಪಗಿದ್ದ ರೈತ ಮನೆಯಲ್ಲಿ ಏನು ಮಾತಾಡುತ್ತಾನೆ, ಮಗ ಸಾಲೆಯಲ್ಲಿ ಏನು ಓದುತ್ತಾನೆ, ನೇಕಾರರು ಸಂಜೆ ಎಲ್ಲಿ ಕೂಡುತ್ತಾರೆ ಎಂಬುದು ಅರಮನೆಗೆ ದೊಡ್ಡ ಚಿಂತೆಯಾಗಿರಲಿಲ್ಲ. ಇಂಥ ಆಳ್ವಿಕೆ ನಿರಂಕುಶವಾಗಿರಬಹುದು, ಕ್ರೂರವೂ ಆಗಬಹುದು. ಅದು ಕೇಳುವುದು ಮುಖ್ಯವಾಗಿ ರೊಕ್ಕ ಮತ್ತು ವಿಧೇಯತೆ.

ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಕ್ಕೆ ಅಷ್ಟು ಸಾಕಾಗಲಿಲ್ಲ. ಅದು ಜನರ ಉತ್ಸಾಹವನ್ನೂ ಕೇಳಿತು. ಮಕ್ಕಳಿಗೆ ಸಮವಸ್ತ್ರ, ಯುವಕರಿಗೆ ಪಕ್ಷದ ದಳ, ಕಾರ್ಮಿಕರಿಗೆ ಸರಕಾರಿ ಸಂಘ, ಎಲ್ಲರಿಗೂ ರೇಡಿಯೋ. ಸುಮ್ಮನಿರುವುದೂ ಅಲ್ಲಿ ಅಪರಾಧವಾಗುವ ಸಂಭವವಿತ್ತು. 1931ರಲ್ಲಿ ಇಟಲಿಯ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೆಲ್ಲ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆಯಾಯಿತು. ಸುಮಾರು 1,200 ಮಂದಿಯಲ್ಲಿ ಒಲ್ಲೆ ಎಂದವರು ಹತ್ತು-ಹನ್ನೆರಡು ಜನ. ಅವರು ಕೆಲಸ ಕಳೆದುಕೊಂಡರು. ಸಹಿ ಹಾಕಿದವರೆಲ್ಲ ಮನಸಾರೆ ಫ್ಯಾಸಿಸ್ಟರಾಗಿದ್ದರು ಎನ್ನುವಂತಿಲ್ಲ. ಸಂಬಳ, ಪಿಂಚಣಿ, ಹೆಂಡತಿ ಮಕ್ಕಳು ಎಂದು ಲೆಕ್ಕ ಹಾಕಿ ಕೈಚಾಚಿದವರೇ ಹೆಚ್ಚಿದ್ದಿರಬೇಕು. ಆಡಳಿತಕ್ಕೆ ಬೇಕಾಗಿದ್ದೂ ಆ ಸಹಿಯೇ.

ಈ ಹೊಸ ಬಗೆಯ ಆಳ್ವಿಕೆಗೆ ನೆಲ ಹದಗೊಂಡದ್ದು ಮೊದಲ ಮಹಾಯುದ್ಧದಲ್ಲಿ. 1919ರ ವರ್ಸೇಲ್ಸ್ ಒಪ್ಪಂದ ಯುದ್ಧದ ಹೊಣೆಯನ್ನು ಜರ್ಮನಿಯ ತಲೆಗೆ ಕಟ್ಟಿತು, ಅದರ ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಿತು. 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಪರಿಹಾರ ನಿಗದಿಯಾಯಿತು. 1923ರ ನವೆಂಬರ್ ಹೊತ್ತಿಗೆ ಜರ್ಮನ್ ನೋಟಿಗೆ ಕಾಗದದ ಬೆಲೆಯೂ ಉಳಿಯಲಿಲ್ಲ. ಇಷ್ಟಾಗಿಯೂ ಹಿಟ್ಲರನ ಏರಿಕೆಗೆ ವರ್ಸೇಲ್ಸ್ ಒಂದೇ ಕಾರಣವೆನ್ನುವ ಶಾಲಾ ಪಠ್ಯದ ವಿವರಣೆ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಒಪ್ಪಂದವಾಗಿ ಒಂಬತ್ತು ವರ್ಷದ ಬಳಿಕ, 1928ರ ಚುನಾವಣೆಯಲ್ಲಿ, ಅವನ ನಾಜಿ ಪಕ್ಷಕ್ಕೆ ಬಿದ್ದದ್ದು ಶೇ 2.6 ಮತ. 1930ರಲ್ಲಿ ಅದು ಶೇ 18.3 ಆಯಿತು, 1932ರ ಜುಲೈನಲ್ಲಿ ಶೇ 37.3. ನಡುವೆ ಬಂದದ್ದು 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಶೇರುಪೇಟೆ ಬಿದ್ದು ಶುರುವಾದ ಮಹಾ ಆರ್ಥಿಕ ಕುಸಿತ. ಅಮೆರಿಕದ ಬ್ಯಾಂಕುಗಳು ಜರ್ಮನಿಗೆ ಕೊಟ್ಟ ಸಾಲ ವಾಪಸು ಎಳೆದುಕೊಂಡವು, ಕಾರಖಾನೆಗಳು ಬಾಗಿಲು ಹಾಕಿದವು, 1932ರಲ್ಲಿ 60 ಲಕ್ಷದಷ್ಟು ಜನ ಕೆಲಸವಿಲ್ಲದೆ ಬೀದಿಯಲ್ಲಿದ್ದರು.

ಅದೇ ಕುಸಿತ ಬೈಲಹೊಂಗಲ ಪೇಟೆಗೂ ಬಂತು. ಇದು ರೈಲಿಲ್ಲದ ಊರು, ಆದರೆ ಸುತ್ತಲ ಎರೆ ಹೊಲಗಳ ಹತ್ತಿ ಈ ಪೇಟೆಯನ್ನು ದೂರದ ಬಂದರುಗಳಿಗೆ ಬಿಗಿದಿತ್ತು. ಧಾರವಾಡ-ಬೆಳಗಾವಿ ಸೀಮೆಯ ನಾಡಹತ್ತಿಗೆ ವ್ಯಾಪಾರಸ್ಥರು ಕುಮಟಾ ಹತ್ತಿ ಎನ್ನುತ್ತಿದ್ದರು. ಒಂದು ಕಾಲಕ್ಕೆ ಅದು ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ಬಂದ ಹೆಸರು. ಅಂಡಿಗೆ ಬಿಚ್ಚಿ, ಹಿಡಿ ಹತ್ತಿ ತೆಗೆದು ಎಳೆ ಜಗ್ಗಿ ನೋಡುವ ಅಡತಿ ಅಂಗಡಿಯ ದಲಾಲಿ ಹೇಳುವ ಧಾರಣೆ ಮುಂಬಯಿಯಿಂದ ಬರುತ್ತಿತ್ತು. ಮುಂಬಯಿಯದು ಲಿವರ್‌ಪೂಲ್, ನ್ಯೂಯಾರ್ಕ್, ಒಸಾಕಾ ಪೇಟೆಗಳನ್ನು ನೋಡಿಕೊಂಡು ಏರಿಳಿಯುತ್ತಿತ್ತು. 1929ರ ಬಳಿಕ ಎರಡೇ ವರ್ಷದಲ್ಲಿ ಭಾರತದಲ್ಲಿ ಹತ್ತಿ ಬೆಲೆ ಸುಮಾರು ಅರ್ಧಕ್ಕೆ ಬಿತ್ತು. ಫಾಳಾ ಮಾತ್ರ ರೊಕ್ಕದಲ್ಲಿ ನಿಗದಿಯಾದದ್ದು, ಅದು ಇಳಿಯಲಿಲ್ಲ. ಸಾವುಕಾರನ ಸಾಲವೂ ಹಾಗೆಯೇ. ಒಂದು ಅಂಡಿಗೆ ಮಾರಿ ತೀರಿಸುತ್ತಿದ್ದ ಬಾಕಿಗೆ ಈಗ ಎರಡು ಅಂಡಿಗೆ ಬೇಕಾಯಿತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾನದಂಡ ಕೈಬಿಟ್ಟು ಬಂಗಾರದ ಬೆಲೆ ಏರಿದಾಗ ಹಳ್ಳಿಗಾಡಿನ ಒಡವೆ ಪೇಟೆಗೆ ಹರಿಯಿತು; ಹಡಗುಗಟ್ಟಲೆ ಬಂಗಾರ ಮುಂಬಯಿಯಿಂದ ಲಂಡನ್ನಿಗೆ ಹೋಯಿತು. ಸರಕಾರಿ ವರದಿಗಳು ಅದನ್ನು ರಫ್ತು ಎಂದು ದಾಖಲಿಸಿದವು. ಹಳ್ಳಿಯ ಲೆಕ್ಕದಲ್ಲಿ ಅದು ಹೆಂಡತಿಯ ಕೊರಳು ಬರಿದಾದದ್ದು.

ಹಸಿವು, ಸಾಲ, ಅವಮಾನ ಇದ್ದಲ್ಲೆಲ್ಲ ಹಿಟ್ಲರ್ ಹುಟ್ಟುತ್ತಾನೆಂದರೆ ಅವನು ಸಂಪಗಾವಿ ತಾಲೂಕಿನಲ್ಲೂ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಇಲ್ಲಿಯ ಸಿಟ್ಟಿಗೆ ಆಗಲೇ ಒಂದು ಕಾಲುವೆ ತೋಡಿಯಾಗಿತ್ತು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಿತ್ತು. ಹುದಲಿಯ ಗಂಗಾಧರರಾವ್ ದೇಶಪಾಂಡೆ ಖಾದಿ ಮತ್ತು ಸತ್ಯಾಗ್ರಹವನ್ನು ಹಳ್ಳಿಹಳ್ಳಿಗೆ ಒಯ್ದಿದ್ದರು. ಕರ ಕೊಡುವುದಿಲ್ಲ ಎಂದು ಕೂತು, ಜಪ್ತಿ ಮಾಡಿಸಿಕೊಂಡು, ಜೈಲಿಗೆ ನಡೆಯುವ ದಾರಿ ಜನರಿಗೆ ಗೊತ್ತಿತ್ತು. ಸಿಟ್ಟಿನ ಗುರಿಯೂ ಸ್ಪಷ್ಟವಿತ್ತು: ದೂರದಲ್ಲಿ ಕುಳಿತ ಸರಕಾರ. ಜರ್ಮನಿಯಲ್ಲಿ ಅದನ್ನು ಪಕ್ಕದ ಮನೆಯ ಯಹೂದಿಯ ಕಡೆ ತಿರುಗಿಸಲಾಯಿತು.

ಹಿಟ್ಲರನ ಏರಿಕೆಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು ಮೊದಲ ಎಂಟು ವಾರಗಳನ್ನು. 1932ರ ನವೆಂಬರ್ ಚುನಾವಣೆಯಲ್ಲಿ ನಾಜಿ ಮತ ಶೇ 33.1ಕ್ಕೆ ಇಳಿದಿತ್ತು, ಪಕ್ಷದ ಬೊಕ್ಕಸ ಬರಿದಾಗಿತ್ತು. ಆಗ ಫ್ರಾಂಜ್ ಫಾನ್ ಪಾಪೆನ್ ಮೊದಲಾದ ಹಳೆಯ ಪ್ರತಿಷ್ಠಿತರು ಇವನನ್ನು ಮುಂದಿಟ್ಟುಕೊಂಡು ಹಿಂದಿನಿಂದ ಆಳಬಹುದೆಂದು ಹಿಂಡೆನ್‌ಬರ್ಗನನ್ನು ಒಪ್ಪಿಸಿದರು. ಸಂಪುಟದಲ್ಲಿ ಹಿಟ್ಲರನನ್ನು ಬಿಟ್ಟರೆ ನಾಜಿಗಳು ಇಬ್ಬರೇ. 1933ರ ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹೊರಟ ಸುಗ್ರೀವಾಜ್ಞೆ ವಾಕ್ ಸ್ವಾತಂತ್ರ್ಯ, ಸಭೆ, ಪತ್ರಿಕೆ, ಅಂಚೆಯ ಗೋಪ್ಯತೆ ಎಲ್ಲವನ್ನೂ ಅಮಾನತಿನಲ್ಲಿಟ್ಟಿತು. ಹಿಟ್ಲರ್ ಸಾಯುವವರೆಗೆ ಅದು ರದ್ದಾಗಲಿಲ್ಲ. ಮಾರ್ಚ್ 5ರ ಚುನಾವಣೆಯಲ್ಲಿ, ಬೀದಿಯಲ್ಲಿ ಅಷ್ಟು ಹೊಡೆದಾಟ ಬೆದರಿಕೆ ನಡೆಸಿಯೂ, ಅವನಿಗೆ ಬಹುಮತ ಬರಲಿಲ್ಲ; ಸಿಕ್ಕದ್ದು ಶೇ 43.9.

ಮಾರ್ಚ್ 23ರಂದು ಸಂಸತ್ತು ಒಂದು ಒಪೇರಾ ಮಂದಿರದಲ್ಲಿ ಸೇರಿತು. ಕಮ್ಯುನಿಸ್ಟ್ ಸದಸ್ಯರು ಸೆರೆಯಲ್ಲಿದ್ದರು ಇಲ್ಲವೆ ತಲೆಮರೆಸಿಕೊಂಡಿದ್ದರು. ಮಂದಿರದ ಪಡಸಾಲೆಗಳಲ್ಲಿ ನಾಜಿಗಳ ಕಂದು ಅಂಗಿಯ ದಳದವರು ಸಾಲುಗಟ್ಟಿ ನಿಂತಿದ್ದರು. ಸಂಸತ್ತನ್ನು ಕೇಳದೆ ಕಾನೂನು ಮಾಡುವ ಅಧಿಕಾರ ಸರಕಾರಕ್ಕೆ ಕೊಡಬೇಕೆಂಬುದು ಅಂದಿನ ಮಸೂದೆ. ಸೋಷಿಯಲ್ ಡೆಮಾಕ್ರಟ್ ನಾಯಕ ಆಟೊ ವೆಲ್ಸ್ ಎದ್ದು ನಿಂತು ವಿರೋಧಿಸಿದ. ಆ ಪಕ್ಷದ 94 ಮತ ವಿರುದ್ಧ ಬಿದ್ದವು. ಪರವಾಗಿ 444. ಕ್ಯಾಥೊಲಿಕ್ ಕೇಂದ್ರ ಪಕ್ಷದವರು ತಮ್ಮ ಚರ್ಚಿಗೆ, ಶಾಲೆಗಳಿಗೆ ತೊಂದರೆಯಾಗದೆಂಬ ಭರವಸೆ ನಂಬಿ ಕೈಯೆತ್ತಿದ್ದರು. ಜುಲೈ 14ಕ್ಕೆ ನಾಜಿ ಪಕ್ಷ ಬಿಟ್ಟು ಬೇರೆ ಪಕ್ಷವೇ ಇರಕೂಡದೆಂಬ ಕಾನೂನು ಬಂತು; ಅಷ್ಟರಲ್ಲಿ ಕೇಂದ್ರ ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಾಗಿತ್ತು. 1934ರ ಆಗಸ್ಟ್ 2ರಂದು ಹಿಂಡೆನ್‌ಬರ್ಗ್ ಸತ್ತ ದಿನವೇ ಸೈನಿಕರು ದೇಶದ ಬದಲು ಹಿಟ್ಲರನ ಹೆಸರು ಹಿಡಿದು ಪ್ರಮಾಣ ಮಾಡಿದರು. 1935ರ ನ್ಯೂರೆಂಬರ್ಗ್ ಕಾನೂನುಗಳು ಯಹೂದಿಗಳ ಪೌರತ್ವ ಕಸಿದವು. ಪ್ರತಿ ಮೆಟ್ಟಿಲಿಗೂ ಒಂದು ಕಾಗದ, ಒಂದು ಮೊಹರು ಇತ್ತು. ನ್ಯಾಯಾಧೀಶರು, ಗುಮಾಸ್ತರು, ರಿಜಿಸ್ಟ್ರಾರರು ತಮ್ಮ ಕುರ್ಚಿ ಬಿಟ್ಟೇಳದೆ ಹೊಸ ಆಡಳಿತಕ್ಕೆ ದುಡಿದರು.

ರಷ್ಯಾದ ದಾರಿ ಬೇರೆ. ಅಲ್ಲಿ ಕ್ರಾಂತಿಯೇ ಆಗಿತ್ತು. ಲೆನಿನ್ 1924ರಲ್ಲಿ ತೀರಿಕೊಂಡ ಮೇಲೆ ಸ್ಟಾಲಿನ್ ಪಕ್ಷದ ಕಚೇರಿಯನ್ನೇ ಏಣಿ ಮಾಡಿಕೊಂಡ. 1929ರಿಂದ ರೈತರ ಹೊಲ, ದನ, ಕಾಳು ಸಾಮೂಹಿಕ ಬೇಸಾಯಕ್ಕೆ ಹೋದವು. 1932-33ರ ಬರಗಾಲದಲ್ಲಿ ಉಕ್ರೇನ್ ಮತ್ತಿತರ ಕಡೆ ಲಕ್ಷಾಂತರ ಜನ ಸತ್ತರು, ದೇಶದ ಧಾನ್ಯ ಮಾತ್ರ ಹೊರದೇಶಗಳಿಗೆ ಹೋಗುತ್ತಲೇ ಇತ್ತು. 1937-38ರ ಎರಡು ವರ್ಷಗಳಲ್ಲಿ ಸೋವಿಯತ್ ದಾಖಲೆಗಳ ಪ್ರಕಾರವೇ ಗುಂಡಿಕ್ಕಿಸಿಕೊಂಡವರು 6.8 ಲಕ್ಷ. ಬಲಪಂಥ ಎಡಪಂಥಗಳ ಹೆಸರು ಏನೇ ಇರಲಿ, ಬಾಗಿಲು ತಟ್ಟುವ ರಾತ್ರಿಯ ಭಯ ಎರಡೂ ಕಡೆ ಒಂದೇ ಆಗಿತ್ತು.

ಯುದ್ಧದ ದಾರಿ ತೆರೆದದ್ದು ಯುರೋಪಿನಲ್ಲಲ್ಲ, ಏಷ್ಯಾದಲ್ಲಿ. 1931ರ ಸೆಪ್ಟೆಂಬರಿನಲ್ಲಿ ಜಪಾನಿನ ಸೈನ್ಯ ಚೀನದ ಮಂಚೂರಿಯಾಕ್ಕೆ ನುಗ್ಗಿತು. ರಾಷ್ಟ್ರಸಂಘ ವಿಚಾರಣಾ ಆಯೋಗ ನೇಮಿಸಿತು. ವರದಿ ಹಿಡಿಸದ ಜಪಾನ್ 1933ರಲ್ಲಿ ಸಂಘದಿಂದಲೇ ಎದ್ದು ಹೋಯಿತು. ಇದೇ ಜಪಾನ್ ಭಾರತದ ಹತ್ತಿಯ ಅತಿ ದೊಡ್ಡ ಗಿರಾಕಿ ಕೂಡ. 1933ರಲ್ಲಿ ಭಾರತ ಸರಕಾರ ಲ್ಯಾಂಕಾಷೈರಿನ ಗಿರಣಿಗಳನ್ನೂ ಮುಂಬಯಿಯ ಗಿರಣಿಗಳನ್ನೂ ಉಳಿಸಲೆಂದು ಬ್ರಿಟನ್ನಿನದಲ್ಲದ ಬಟ್ಟೆಗೆ ಶೇ 75 ಸುಂಕ ಹಾಕಿದಾಗ, ಒಸಾಕಾದ ಗಿರಣಿಗಳು ಭಾರತದ ಹತ್ತಿ ಬೇಡವೆಂದವು. ಕೊನೆಗೆ 1934ರಲ್ಲಿ ಒಪ್ಪಂದವಾಯಿತು: ಜಪಾನ್ 15 ಲಕ್ಷ ಬೇಲು ಹತ್ತಿ ಕೊಂಡರೆ 40 ಕೋಟಿ ಗಜ ಬಟ್ಟೆ ಮಾರಬಹುದು. ದೇಶದೇಶಗಳು ಹೀಗೆ ಸುಂಕದ ಗೋಡೆ ಕಟ್ಟಿಕೊಂಡು ಕೂತಾಗ, ಮಾರುಕಟ್ಟೆಯನ್ನೂ ಕಚ್ಚಾ ಮಾಲನ್ನೂ ಸೈನ್ಯ ಕಳಿಸಿಯೇ ಗಿಟ್ಟಿಸಬೇಕೆನ್ನುವ ಜನರಲ್‌ಗಳ ಮಾತಿಗೆ ಟೋಕಿಯೋದಲ್ಲಿ ಬಲ ಬಂತು. 1937ರಲ್ಲಿ ಜಪಾನ್ ಇಡೀ ಚೀನದ ಮೇಲೆ ಬಿತ್ತು. ಮರುವರ್ಷ ಭಾರತದಿಂದ ಹೋದ ಐವರು ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದರು. ಅವರು ಮರಳಲಿಲ್ಲ, 1942ರಲ್ಲಿ ಚೀನದಲ್ಲೇ ತೀರಿಕೊಂಡರು.

ಮಂಚೂರಿಯಾದಿಂದ ಇತರರು ಪಾಠ ಕಲಿತರು. 1935ರ ಅಕ್ಟೋಬರಿನಲ್ಲಿ ಮುಸೋಲಿನಿ ಇಥಿಯೋಪಿಯಾದ ಮೇಲೆ ದಂಡೆತ್ತಿದ, ವಿಷಾನಿಲ ಸುರಿಸಿದ. ರಾಷ್ಟ್ರಸಂಘ ದಿಗ್ಬಂಧನ ಹಾಕಿತು, ಆದರೆ ಪಟ್ಟಿಯಲ್ಲಿ ಪೆಟ್ರೋಲಿರಲಿಲ್ಲ. ಟ್ಯಾಂಕು, ಲಾರಿ, ವಿಮಾನ ನಿಂತುಹೋಗುತ್ತಿದ್ದದ್ದು ಅದೊಂದರಿಂದಲೇ. 1936ರ ಮಾರ್ಚಿನಲ್ಲಿ ಹಿಟ್ಲರ್ ಒಪ್ಪಂದ ಮುರಿದು ರೈನ್‌ಲ್ಯಾಂಡಿಗೆ ಸೈನ್ಯ ಕಳಿಸಿದ, ಫ್ರಾನ್ಸ್ ಅಲುಗಲಿಲ್ಲ. ಜುಲೈನಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾಗಿ ಜರ್ಮನ್, ಇಟಾಲಿಯನ್ ವಿಮಾನಗಳಿಗೆ ತಾಲೀಮು ಸಿಕ್ಕಿತು. 1938ರ ಮಾರ್ಚಿನಲ್ಲಿ ಆಸ್ಟ್ರಿಯಾ ಜರ್ಮನಿಯ ಹೊಟ್ಟೆ ಸೇರಿತು. ಅದಕ್ಕೂ ಏಪ್ರಿಲ್ 10ರಂದು ಜನಮತಗಣನೆ ನಡೆಯಿತು. ಮತಚೀಟಿಯ ನಟ್ಟನಡುವೆ ಹೌದು ಎಂಬುದಕ್ಕೆ ದೊಡ್ಡ ವೃತ್ತ. ಬದಿಗೆ, ಅಲ್ಲ ಎಂಬುದಕ್ಕೆ ಚಿಕ್ಕದೊಂದು ವೃತ್ತ. ಶೇ 99ಕ್ಕೂ ಹೆಚ್ಚು ಜನ ಹೌದು ಎಂದರೆಂದು ಘೋಷಣೆಯಾಯಿತು.

ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್ಕಿನಲ್ಲಿ ಬ್ರಿಟನ್ನಿನ ಚೇಂಬರ್ಲಿನ್, ಫ್ರಾನ್ಸಿನ ದಲಾದಿಯೆ, ಹಿಟ್ಲರ್, ಮುಸೋಲಿನಿ ಕೂತು ಝೆಕೊಸ್ಲೊವಾಕಿಯಾದ ಸುಡೆಟನ್ ಪ್ರದೇಶವನ್ನು ಜರ್ಮನಿಗೆ ಬರೆದುಕೊಟ್ಟರು. ಝೆಕ್ ಪ್ರತಿನಿಧಿಗಳಿಗೆ ಸಭೆಯೊಳಗೆ ಪ್ರವೇಶವಿರಲಿಲ್ಲ. ಹೊಟೇಲಿನಲ್ಲಿ ಕಾದಿದ್ದವರಿಗೆ ನಡುರಾತ್ರಿ ಕಳೆದ ಮೇಲೆ ತೀರ್ಮಾನ ತಿಳಿಸಲಾಯಿತು. ಕಿತ್ತೂರಿನ ಕಥೆ ಬಲ್ಲವರಿಗೆ ಈ ಸನ್ನಿವೇಶ ಪೂರ್ತಿ ಹೊಸದೇನಲ್ಲ. 1824ರಲ್ಲಿ ಚೆನ್ನಮ್ಮನ ಸಂಸ್ಥಾನದ ದತ್ತಕ ಸಲ್ಲದೆಂದು ನಿರ್ಧರಿಸಿದವರೂ ಹೊರಗಿನವರೇ, ಅದಕ್ಕೂ ಕಾಗದಪತ್ರದ ಸಬೂಬೇ ಇತ್ತು. ಬ್ರಿಟನ್ ಯುರೋಪಿನ ಸಣ್ಣ ದೇಶಗಳ ಸ್ವಾತಂತ್ರ್ಯದ ಮಾತಾಡಿದಾಗ ಭಾರತೀಯರು ಹುಬ್ಬೇರಿಸಿದ್ದು ಈ ಕಾರಣಕ್ಕೆ. ಹಾಗೆಂದು ಅವರಲ್ಲಿ ಹೆಚ್ಚಿನವರು ಫ್ಯಾಸಿಸಂ ಕಡೆ ವಾಲಲಿಲ್ಲ. 1936ರಲ್ಲಿ ರೋಮ್ ಮೂಲಕ ಬರುತ್ತಿದ್ದ ನೆಹರೂ ಮುಸೋಲಿನಿಯ ಆಹ್ವಾನ ಒಪ್ಪಿಕೊಳ್ಳಲಿಲ್ಲ. 1939ರ ತ್ರಿಪುರಿ ಕಾಂಗ್ರೆಸ್ ಮ್ಯೂನಿಕ್ ಒಪ್ಪಂದವನ್ನು ಖಂಡಿಸಿತು.

1939ರ ವಸಂತದಲ್ಲಿ ರಾಮದುರ್ಗ ಸಿಡಿಯಿತು. ಮಲಪ್ರಭೆಯ ಮೇಲ್ಭಾಗದಲ್ಲಿ, ಸಂಪಗಾವಿ-ಪರಸಗಡಗಳಲ್ಲಿ, 1937ರಿಂದ ಬಿ. ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲವಿತ್ತು. ಮತ ಇದ್ದದ್ದು ಕರ ಕಟ್ಟುವ ಇಲ್ಲವೆ ಓದುಬರಹ ಬಲ್ಲ ಕೆಲವರಿಗಷ್ಟೇ. ಆದರೂ ರೈತನ ಸಾಲದ ಬಗ್ಗೆ ಶಾಸನಸಭೆಯಲ್ಲಿ ಚರ್ಚೆಯಾಗುತ್ತಿತ್ತು, ಕಾಯಿದೆ ಬರುತ್ತಿತ್ತು. ಕೆಲವೇ ಹರದಾರಿ ಕೆಳಗಿನ ರಾಮದುರ್ಗದಲ್ಲಿ ಅದೇ ಹತ್ತಿ, ಅದೇ ಜೋಳ ಬೆಳೆವ ರೈತನಿಗೂ ಮಗ್ಗದ ನೇಕಾರನಿಗೂ ಕೇಳುವ ಸಭೆಯೇ ಇರಲಿಲ್ಲ. ಪ್ರಜಾಸಂಘ ಕಟ್ಟಿ ಕರ ಇಳಿಸಿರಿ, ಜವಾಬ್ದಾರಿ ಸರಕಾರ ಕೊಡಿರಿ ಎಂದು ಕೇಳಿದರು. ಏಪ್ರಿಲ್ ಮೊದಲ ವಾರದಲ್ಲಿ ಸಂಘದ ಮುಖಂಡರ ಬಂಧನವಾಯಿತು. ಹಳ್ಳಿಗಳಿಂದ ಸಾವಿರಾರು ಜನ ಊರಿಗೆ ನುಗ್ಗಿದರು. ಪೊಲೀಸರ ಗುಂಡು ಹಾರಿತು. ರೊಚ್ಚಿಗೆದ್ದ ಜನ ಸೆರೆಮನೆಯ ಮೇಲೆ ಬಿದ್ದು ಪೊಲೀಸರನ್ನು ಕೊಂದರು. ಮೊಕದ್ದಮೆ ನಡೆದು ಕೆಲವರಿಗೆ ಗಲ್ಲಾಯಿತು, ಅನೇಕರಿಗೆ ಜೈಲು. ಹೋರಾಟದ ಮುಂಚೂಣಿಯಲ್ಲಿದ್ದ ಮಹಾದೇವಪ್ಪ ಪಟ್ಟಣ ಮುಂದೆ ಸ್ವತಂತ್ರ ಭಾರತದಲ್ಲಿ ಶಾಸಕರಾದರು. ಗಾಂಧೀಜಿ ರಾಮದುರ್ಗದ ಹಿಂಸೆಯನ್ನು ಒಪ್ಪಲಿಲ್ಲ. ಸಂಸ್ಥಾನಗಳ ಚಳವಳಿಯನ್ನೇ ನಿಧಾನಿಸಲು ಹೇಳಿದ ಅವರ ಆ ವರ್ಷದ ನಿಲುವಿನ ಹಿಂದೆ ಇಂಥ ಘಟನೆಗಳಿದ್ದವು.

ಇದು ಹೀಗೇ ಆಗಬೇಕಿರಲಿಲ್ಲ ಎನ್ನಲು ಔಂಧ ಸಂಸ್ಥಾನವಿದೆ. ವಿಜಾಪುರ ಸೀಮೆಯ ಗುಣದಾಳದ ಕನ್ನಡ ಹಳ್ಳಿಗಳೂ ಅದಕ್ಕೆ ಸೇರಿದ್ದವು. ಅಲ್ಲಿಯ ರಾಜ ಭವಾನರಾವ್ ಪಂತಪ್ರತಿನಿಧಿ ಅದೇ 1939ರ ಜನವರಿಯಲ್ಲಿ ಗಾಂಧೀಜಿಯ ಸಲಹೆಯಂತೆ ಸಂವಿಧಾನವೊಂದನ್ನು ಜಾರಿಗೆ ತಂದು ಅಧಿಕಾರವನ್ನು ಪಂಚಾಯತಿಗಳ ಕೈಗೆ ದಾಟಿಸಿದ್ದ. ಜರ್ಮನಿಯಲ್ಲಿ ಪ್ರಜಾಪ್ರತಿನಿಧಿಗಳು ತಮಗಿದ್ದ ಅಧಿಕಾರವನ್ನು ಒಬ್ಬನಿಗೆ ಒಪ್ಪಿಸಿದ್ದರು. ಔಂಧದಲ್ಲಿ ಒಬ್ಬನಿಗಿದ್ದ ಅಧಿಕಾರ ಪ್ರಜೆಗಳಿಗೆ ಬಂತು. ಪ್ರಯೋಗ ಚಿಕ್ಕದು, ಇತಿಹಾಸದ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕ ಜಾಗ ಇನ್ನೂ ಚಿಕ್ಕದು.

ಯುರೋಪಿನಲ್ಲಿ ಮ್ಯೂನಿಕ್ ಒಪ್ಪಂದ ಆರು ತಿಂಗಳೂ ಬಾಳಲಿಲ್ಲ. 1939ರ ಮಾರ್ಚ್ 15ರಂದು ಹಿಟ್ಲರ್ ಪ್ರಾಗ್ ಹೊಕ್ಕ. ಏಪ್ರಿಲ್ 7ರಂದು ಮುಸೋಲಿನಿ ಅಲ್ಬೇನಿಯಾ ಹಿಡಿದ. ಯುದ್ಧ ತಡೆಯಬಲ್ಲವನು ನೀನೊಬ್ಬನೇ ಎಂದು ಗಾಂಧೀಜಿ ಜುಲೈ 23ರಂದು ವರ್ಧಾದಿಂದ ಹಿಟ್ಲರನಿಗೆ ಬರೆದ ಪತ್ರವನ್ನು ಸರಕಾರ ಮುಂದೆ ಹೋಗಗೊಡಲಿಲ್ಲ. ಆಗಸ್ಟ್ 23ರಂದು, ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಪರಮ ಶತ್ರುಗಳೆಂದು ಬೈದಾಡಿಕೊಂಡಿದ್ದ ನಾಜಿ ಜರ್ಮನಿ ಮತ್ತು ಸೋವಿಯತ್ ರಷ್ಯಾ ಅನಾಕ್ರಮಣ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಗುಪ್ತ ಭಾಗದಲ್ಲಿ ಪೋಲೆಂಡನ್ನು ಹಂಚಿಕೊಂಡಿದ್ದವು. ಸೆಪ್ಟೆಂಬರ್ 1ರಂದು ಜರ್ಮನ್ ಸೈನ್ಯ ಪೋಲೆಂಡಿಗೆ ನುಗ್ಗಿತು. 3ರಂದು ಬ್ರಿಟನ್, ಫ್ರಾನ್ಸ್ ಯುದ್ಧ ಸಾರಿದವು.

ಅದೇ ದಿನ ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದ. ಚುನಾಯಿತ ಪ್ರತಿನಿಧಿಗಳಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ನವೆಂಬರಿನಲ್ಲಿ ಖೇರ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ಮುಂಬಯಿ ಇಲಾಖೆ ಗವರ್ನರನ ಕೈಗೆ ಹೋಯಿತು. ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕರು ಹಡಗು ಹತ್ತಿದರು. 1941ರ ಮಾರ್ಚಿನಲ್ಲಿ ಎರಿಟ್ರಿಯಾದ ಕೆರೆನ್ ಗುಡ್ಡಗಳಲ್ಲಿ ಮುಸೋಲಿನಿಯ ಸೈನ್ಯದೊಂದಿಗೆ ಅವರು ಮುಖಾಮುಖಿ ಹೋರಾಡಿದರು. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದಾಗ ಭಾರತದ ಗಿಡ್ಡ ಎಳೆಯ ಹತ್ತಿಗೆ ಇದ್ದ ದೊಡ್ಡ ಪೇಟೆ ಪೂರ್ತಿ ಮುಚ್ಚಿತು, ಸರಕಾರ ಹತ್ತಿ ಬಿಟ್ಟು ಕಾಳು ಬಿತ್ತಿರೆಂದು ಹೇಳತೊಡಗಿತು. 1942ರ ಆಗಸ್ಟಿನಲ್ಲಿ, ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ, ಬೈಲಹೊಂಗಲದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ತಂತಿ ಕತ್ತರಿಸುವುದು, ಟಪಾಲು ಚೀಲ ಕಸಿಯುವುದು, ಚಾವಡಿಗೆ ನುಗ್ಗಿ ಫಾಳಾದ ದಫ್ತರ ಸುಡುವುದು ಮುಂದಿನ ಹಲವು ತಿಂಗಳು ನಡೆಯಿತು.